ವಿಟ್ಬಿ ಬಂದರಿಗೆ ಕಟ್ಟುಬಿದ್ದ ಕ್ಯಾಮೆರಾ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಉತ್ತರ ಸಮುದ್ರದ ದಂಡೆಯ ಮೇಲೆ ವಿಟ್ಬಿ ಎಂಬ ಪುಟ್ಟ ಊರಿದೆ. ಎಸ್ಕ್ ನದಿ ಈ ಊರನ್ನು ಎರಡು ಪಾಲು ಮಾಡಿ ಕಡಲು ಸೇರುತ್ತದೆ. ಪೂರ್ವದ ಗುಡ್ಡದ ನೆತ್ತಿಯಲ್ಲಿ ಪಾಳುಬಿದ್ದ ಹಳೆಯ ಕ್ರೈಸ್ತ ಮಠ, ಅದರ ಪಕ್ಕದಲ್ಲಿ ಸೇಂಟ್ ಮೇರಿ ಚರ್ಚು, ಅಲ್ಲಿಗೆ ಏರಲು 199 ಮೆಟ್ಟಿಲುಗಳು. ಯಾರ್ಕ್‌ಶೈರಿನ ಸುತ್ತಮುತ್ತ ನೆಲೆಸಿರುವ ನಾವು ಕನ್ನಡಿಗರು, ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಅತ್ತೆ ಮಾವ ಬಂದರೆ ಅವರನ್ನು ಕರೆದುಕೊಂಡು ಹೋಗುವ ಜಾಗಗಳ ಪಟ್ಟಿಯಲ್ಲಿ ವಿಟ್ಬಿ ಇದ್ದೇ ಇರುತ್ತದೆ. ಕಡಲು ಕಂಡರೆ ಹಿರಿಯರಿಗೆ ಊರಿನ ನೆನಪು. ದಕ್ಕೆಯಲ್ಲಿ ಕಟ್ಟಿದ ದೋಣಿಗಳು, ಬಲೆಯ ವಾಸನೆ, ತಲೆಯ ಮೇಲೆ ಕಿರುಚುವ ಹಕ್ಕಿಗಳು. ಮಲ್ಪೆಯನ್ನೋ ಗಂಗೊಳ್ಳಿಯನ್ನೋ ಕಂಡವರಿಗೆ ಇದೇನೂ ಹೊಸದಲ್ಲ, ಚಳಿ ಮಾತ್ರ ಹೊಸದು.

ಈ ಊರಿನ ಅಂಗಡಿಗಳಲ್ಲಿ, ಹೋಟೆಲಿನ ಗೋಡೆಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ಕಂದುಬಣ್ಣದ ಕೆಲವು ಹಳೆಯ ಫೋಟೋಗಳು ಮತ್ತೆ ಮತ್ತೆ ಕಾಣುತ್ತವೆ. ಮಂಜಿನಲ್ಲಿ ನಿಂತ ಹಾಯಿದೋಣಿಗಳು, ಬುಟ್ಟಿ ಹೊತ್ತ ಮೀನುಗಾರ ಹೆಂಗಸರು, ಕಟಕಟೆಗೆ ಒರಗಿ ಹರಟುವ ಗಡ್ಡದ ಮುದುಕರು, ನೀರಿನಲ್ಲಿ ಆಡುವ ಹುಡುಗರು. ಇವನ್ನು ತೆಗೆದವರು ಫ್ರಾಂಕ್ ಮೆಡೋ ಸಟ್‌ಕ್ಲಿಫ್. ಅವರು ತೀರಿಕೊಂಡು 80 ವರ್ಷ ದಾಟಿದೆ. ದೇಶದ ದೊಡ್ಡ ಛಾಯಾಗ್ರಾಹಕರ ಸಾಲಿನಲ್ಲಿ ಅವರ ಹೆಸರಿದೆ. ಆದರೆ ಬದುಕಿನ ಬಹುಭಾಗ ಅವರು ಹೊಟ್ಟೆಪಾಡಿಗಾಗಿ ಮಾಡಿದ ಕೆಲಸ ಬೇರೆ, ಇಂದು ಲೋಕ ನೆನೆಯುವ ಕೆಲಸ ಬೇರೆ. ಹೊಟ್ಟೆಪಾಡಿಗಾಗಿಯೇ ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಬದುಕಿನಲ್ಲಿ ನೋಡಬೇಕಾದದ್ದು ಸಾಕಷ್ಟಿದೆ.

ಬ್ರೂವರಿಯ ಗುಮಾಸ್ತ

ಫ್ರಾಂಕ್ ಹುಟ್ಟಿದ್ದು 1853ರ ಅಕ್ಟೋಬರ್ 6ರಂದು, ಲೀಡ್ಸ್ ನಗರದ ಹೆಡಿಂಗ್ಲಿಯಲ್ಲಿ. ಕ್ರಿಕೆಟ್ ನೋಡುವ ನಮಗೆಲ್ಲ ಹೆಡಿಂಗ್ಲಿ ಎಂದರೆ ಟೆಸ್ಟ್ ಮೈದಾನ. ಆ ಕಾಲಕ್ಕೆ ಮೈದಾನ ಇನ್ನೂ ಇರಲಿಲ್ಲ. ತಂದೆ ಥಾಮಸ್ ಸಟ್‌ಕ್ಲಿಫ್ ಜಲವರ್ಣದ ಚಿತ್ರಕಾರರು. ಕ್ಯಾಮೆರಾ ಎಂಬ ಹೊಸ ಯಂತ್ರದ ಬಗ್ಗೆಯೂ ಅವರಿಗೆ ಕುತೂಹಲವಿತ್ತು. ಫ್ರಾಂಕ್ ಮನೆಯ ಹಿರಿಯ ಮಗ, ಬೆನ್ನಿಗೆ ತಮ್ಮಂದಿರು ತಂಗಿಯರ ದಂಡು. ಓದು ಹೆಚ್ಚು ಸಾಗಲಿಲ್ಲ. ಹದಿಹರೆಯದಲ್ಲೇ ಲೀಡ್ಸಿನ ಟೆಟ್ಲಿ ಬ್ರೂವರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಸೇರಿದರು. ಲೆಕ್ಕದ ಪುಸ್ತಕದ ಮುಂದೆ ಕೂರುವ ಆ ಉದ್ಯೋಗ ಅವರಿಗೆ ಒಗ್ಗಲಿಲ್ಲ. ದಿನವಿಡೀ ಲೆಕ್ಕದ ಪುಸ್ತಕದ ಮುಂದೆಯೇ ಕೂರುವ ನಮಗೆ ಇದನ್ನು ಓದಿ ನಗು ಬಂದರೂ, ಅರ್ಥವಾಗದೆ ಇರಲಿಲ್ಲ.

1870ರಲ್ಲಿ ಕುಟುಂಬ ಲೀಡ್ಸ್ ಬಿಟ್ಟು ವಿಟ್ಬಿಯ ಹೊರವಲಯದ ಯೂ ಕೋಟ್ ಹಾಲ್ ಎಂಬ ಮನೆಗೆ ಬಂತು. ಅಲ್ಲಿ ಫ್ರಾಂಕ್ ಪುಸ್ತಕ ನೋಡಿಕೊಂಡು, ತಂದೆಯ ಪ್ರೋತ್ಸಾಹದಲ್ಲಿ ಫೋಟೋ ತೆಗೆಯುವುದನ್ನು ಕಲಿತರು. ಕಲಿಕೆ ಒಂದು ಹದಕ್ಕೆ ಬರುವಷ್ಟರಲ್ಲಿ, 1871ರಲ್ಲಿ ತಂದೆ ತೀರಿಕೊಂಡರು. ಫ್ರಾಂಕ್‌ಗೆ ಆಗ 18 ವರ್ಷ. ಹಿರಿಯ ಮಗನ ತಲೆಯ ಮೇಲೆ ಮನೆ ಬಿದ್ದರೆ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ವಿಮಾನ ಹತ್ತಿದ ಎಷ್ಟೋ ಹುಡುಗರ ಕಥೆ ಆರಂಭವಾಗುವುದೇ ಇಲ್ಲಿಂದ. ಹವ್ಯಾಸವಾಗಿದ್ದ ಕ್ಯಾಮೆರಾ ಇನ್ನು ಮನೆ ನಡೆಸಬೇಕಿತ್ತು.

ಮೊದಲು ಸಿಕ್ಕಿದ್ದು ಫ್ರಾನ್ಸಿಸ್ ಫ್ರಿತ್ ಅವರ ಕಂಪನಿಯ ಕೆಲಸ. ಬ್ರಿಟನ್ನಿನ ಊರೂರಿನ ಚಿತ್ರ ತೆಗೆಸಿ ಪ್ರವಾಸಿಗರಿಗೆ ಮಾರುತ್ತಿದ್ದ ದೊಡ್ಡ ಸಂಸ್ಥೆ ಅದು. ಅವರಿಗಾಗಿ ಫ್ರಾಂಕ್ ಯಾರ್ಕ್‌ಶೈರಿನ ಹಳೆಯ ಮಠಗಳನ್ನೂ ಕೋಟೆಗಳನ್ನೂ ಚಿತ್ರಿಸಿಕೊಟ್ಟರು. ಕಲಾ ವಿಮರ್ಶಕ ಜಾನ್ ರಸ್ಕಿನ್ ಕೂಡ ಅವರನ್ನು ಲೇಕ್ ಡಿಸ್ಟ್ರಿಕ್ಟಿನ ತಮ್ಮ ಬ್ರ್ಯಾಂಟ್‌ವುಡ್ ಮನೆಗೆ ಕರೆಸಿ ಫೋಟೋ ತೆಗೆಸಿದರು. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಇದು ಸಣ್ಣ ಗೌರವವಲ್ಲ.

ಪರ ಊರಿನಲ್ಲಿ ಅಂಗಡಿ

1875ರಲ್ಲಿ ಮದುವೆಯಾಯಿತು. ಹುಡುಗಿ ವಿಟ್ಬಿಯವರೇ ಆದ ಎಲೈಜಾ, ಬೂಟು ಹೊಲಿಯುವವರ ಮಗಳು. ಮದುವೆಯಾದ ಹೊಸತರಲ್ಲಿ ದಂಪತಿ ದೇಶದ ಇನ್ನೊಂದು ತುದಿಯ ಕೆಂಟ್ ಸೀಮೆಗೆ, ಟನ್‌ಬ್ರಿಜ್ ವೆಲ್ಸ್ ಎಂಬ ಪಟ್ಟಣಕ್ಕೆ ಹೋಗಿ ಸ್ಟುಡಿಯೋ ತೆರೆದರು. ಅಲ್ಲಿನ ಖನಿಜ ಜಲದ ಬುಗ್ಗೆಗೆ ಸಿರಿವಂತರು ಬರುತ್ತಿದ್ದರು. ಹಣವಂತರ ಊರು, ಹಣವಂತರಿಗೆ ತಮ್ಮ ಮುಖದ ಚಿತ್ರ ಬೇಕು, ವ್ಯಾಪಾರ ಚೆನ್ನಾಗಿ ನಡೆಯುತ್ತದೆ ಎಂಬುದು ಲೆಕ್ಕ. ಕಾಗದದ ಮೇಲೆ ಸರಿಯಾಗಿಯೇ ಇದ್ದ ಲೆಕ್ಕ ಅದು. ಆದರೆ ವ್ಯಾಪಾರ ಕುದುರಲಿಲ್ಲ. ಪರಿಚಯವಿಲ್ಲದ ಊರು, ಆಗಲೇ ಬೇರೂರಿದ ಪೈಪೋಟಿ. ಮರುವರ್ಷ, 1876ರಲ್ಲಿ, ಅಂಗಡಿ ಎತ್ತಿ ವಿಟ್ಬಿಗೆ ವಾಪಸಾದರು.

ಸೋತು ಊರಿಗೆ ಮರಳುವುದು ಎಷ್ಟು ಕಷ್ಟ ಎಂದು ಹೊರಗೆ ದುಡಿಯಲು ಹೋದವರಿಗೆ ಮಾತ್ರ ಗೊತ್ತು. ಗೆದ್ದವನನ್ನು ಕರೆತರಲು ನೆಂಟರ ಕಾರುಗಳು ಏರ್‌ಪೋರ್ಟಿಗೆ ಬರುತ್ತವೆ. ಸೋತವನು ರಾತ್ರಿ ಬಸ್ಸು ಹಿಡಿದು ಸದ್ದಿಲ್ಲದೆ ಮನೆ ಸೇರುತ್ತಾನೆ. ಫ್ರಾಂಕ್ ಅವರಿಗೆ ಆಗ ಇನ್ನೂ ಎಳೆಯ ವಯಸ್ಸು. ಮುಂದಿನ ಆರು ದಶಕಕ್ಕೂ ಹೆಚ್ಚು ಕಾಲ ಅವರು ವಿಟ್ಬಿಯ ಸೀಮೆ ಬಿಟ್ಟು ನೆಲೆಸಲು ಬೇರೆಡೆಗೆ ಹೋಗಲಿಲ್ಲ.

ಕರಿಗಲ್ಲಿನ ಕಾರ್ಖಾನೆಯಲ್ಲಿ ಸ್ಟುಡಿಯೋ

ಊರಿಗೆ ಬಂದು ಸ್ಟುಡಿಯೋ ತೆರೆಯಲು ಸಿಕ್ಕಿದ ಜಾಗ ವಾಟರ್‌ಲೂ ಯಾರ್ಡ್ ಎಂಬ ಓಣಿಯಲ್ಲಿ ಬಳಸದೆ ಬಿಟ್ಟಿದ್ದ ಒಂದು ಜೆಟ್ ಕಾರ್ಖಾನೆ. ಜೆಟ್ ಎಂದರೆ ವಿಟ್ಬಿಯ ಬಂಡೆಗಳಲ್ಲಿ ಸಿಗುವ ನುಣುಪಾದ ಕಪ್ಪು ವಸ್ತು, ಕೋಟ್ಯಂತರ ವರ್ಷಗಳ ಹಿಂದಿನ ಮರ ಒತ್ತಡಕ್ಕೆ ಸಿಕ್ಕಿ ಹಾಗಾದದ್ದು. 1861ರಲ್ಲಿ ರಾಣಿ ವಿಕ್ಟೋರಿಯಾ ಅವರ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ರಾಣಿಯೂ ಆಸ್ಥಾನದವರೂ ಶೋಕದ ಆಭರಣವಾಗಿ ಜೆಟ್ ತೊಟ್ಟರು. ದೇಶವೆಲ್ಲ ಅದನ್ನೇ ಅನುಸರಿಸಿತು. ವಿಟ್ಬಿಯಲ್ಲಿ ಕೆತ್ತನೆಯ ಕಾರ್ಖಾನೆಗಳು ತುಂಬಿಕೊಂಡವು. ಫ್ಯಾಷನ್ ಇಳಿದಾಗ ಅವು ಒಂದೊಂದಾಗಿ ಬಾಗಿಲು ಹಾಕಿದವು. ಅಂಥದೊಂದು ಜಾಗದಲ್ಲಿ ಫ್ರಾಂಕ್ ಹದಿನೆಂಟು ವರ್ಷ ದುಡಿದರು. 1894ರಲ್ಲಿ ಸ್ಕಿನ್ನರ್ ಬೀದಿಯ ಒಳ್ಳೆಯ ಕಟ್ಟಡಕ್ಕೆ ಹೋದರು.

ವರಮಾನ ಬರುತ್ತಿದ್ದದ್ದು ಪ್ರವಾಸಿಗರಿಂದ. ರೈಲು ಬಂದ ಮೇಲೆ ವಿಟ್ಬಿ ರಜೆಯ ಊರಾಗಿ ಬೆಳೆದಿತ್ತು. ಬೇಸಿಗೆಯ ಕೆಲವೇ ವಾರಗಳಲ್ಲಿ ಒಳನಾಡಿನ ಅನುಕೂಲಸ್ಥ ಕುಟುಂಬಗಳು ಬಂದು ಒಳ್ಳೆಯ ಬಟ್ಟೆ ತೊಟ್ಟು ಸ್ಟುಡಿಯೋದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಆ ವಾರಗಳ ಗಳಿಕೆಯಲ್ಲಿ ವರ್ಷವಿಡೀ ಸಂಸಾರ ನಡೆಯಬೇಕು. ಮನೆಯಲ್ಲಿ ಒಬ್ಬ ಮಗ, ನಾಲ್ವರು ಹೆಣ್ಣುಮಕ್ಕಳು. ಹೊರಗೆ ಬೆಳಕು ಅತ್ಯಂತ ಚೆನ್ನಾಗಿರುವ ಬೇಸಿಗೆಯ ದಿನಗಳಲ್ಲೇ ಫ್ರಾಂಕ್ ಸ್ಟುಡಿಯೋದ ಒಳಗಿರಬೇಕಾಗಿತ್ತು. ಬೇರೆ ಊರು, ಬೇರೆ ದೇಶ ನೋಡಿ ಚಿತ್ರ ತೆಗೆಯುವ ಆಸೆ ಅವರಿಗಿತ್ತು. ಅದಕ್ಕೆ ಕಾಲವೂ ಇಲ್ಲ, ಕಾಸೂ ಇಲ್ಲ. ಗೂಟಕ್ಕೆ ಕಟ್ಟಿದ ದನದ ಹಾಗೆ ಹಗ್ಗ ಎಷ್ಟು ದೂರ ಹೋಗುತ್ತದೋ ಅಷ್ಟರಲ್ಲೇ ಮೇಯಬೇಕು.

ಅವರ ಹಗ್ಗ ಹೋಗುತ್ತಿದ್ದದ್ದು ಬಂದರಿನವರೆಗೆ. ಬೆಳಗ್ಗೆ ಗಿರಾಕಿಗಳು ಬರುವ ಮುಂಚೆ, ಸಂಜೆ ಬಾಗಿಲು ಹಾಕಿದ ಮೇಲೆ, ಪ್ರವಾಸಿಗರಿಲ್ಲದ ಚಳಿಗಾಲದಲ್ಲಿ ಕ್ಯಾಮೆರಾ ಹೊತ್ತು ಕೆಳಗೆ ದಕ್ಕೆಗೆ ಇಳಿಯುತ್ತಿದ್ದರು. ನಡೆದು ಕೆಲವು ನಿಮಿಷದ ದಾರಿ. ಇಂದು ಲೋಕ ನೆನೆಯುವ ಅವರ ಚಿತ್ರಗಳಲ್ಲಿ ಬಹುಪಾಲು ಆ ಕೆಲವು ನಿಮಿಷದ ದಾರಿಯ ಆಸುಪಾಸಿನಲ್ಲೇ ಹುಟ್ಟಿದವು.

ದಕ್ಕೆಯ ಜನ

ಇವತ್ತು ಕಿಸೆಯಿಂದ ಫೋನು ತೆಗೆದು ಒತ್ತಿದರೆ ಫೋಟೋ. ಫ್ರಾಂಕ್ ಆರಂಭಿಸಿದಾಗ ಅದು ಕೂಲಿಕೆಲಸದಷ್ಟೇ ಭಾರವಾದದ್ದು. ಮರದ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಪ್ಲೇಟುಗಳು, ಬಾಟಲಿಗಳಲ್ಲಿ ರಾಸಾಯನಿಕಗಳು. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಚಿತ್ರ ತೆಗೆಯಬೇಕು, ಒಣಗುವ ಮುಂಚೆಯೇ ಕತ್ತಲೆಯ ಡೇರೆಯೊಳಗೆ ತೊಳೆದು ಮುಗಿಸಬೇಕು. ತುಸು ತಡವಾದರೆ ಎಲ್ಲ ವ್ಯರ್ಥ. ಕೆಲ ವರ್ಷಗಳ ನಂತರ ಅಂಗಡಿಯಲ್ಲಿ ಸಿದ್ಧ ಒಣ ಪ್ಲೇಟುಗಳು ಸಿಗತೊಡಗಿ ಹೊರೆ ಇಳಿಯಿತು. ಆದರೂ ಚಿತ್ರ ಮೂಡುವಷ್ಟು ಹೊತ್ತು ಎದುರಿನವರು ಅಲುಗದೆ ನಿಲ್ಲಬೇಕಿತ್ತು.

ಅಲುಗದೆ ನಿಲ್ಲಬೇಕಾದರೆ ನಂಬಿಕೆ ಬೇಕು. ಮೀನು ಇಳಿಸುವ ಹೊತ್ತಿನಲ್ಲಿ ಯಾರೋ ಅಪರಿಚಿತ ಬಂದು ಸುಮ್ಮನೆ ನಿಲ್ಲಿ ಎಂದರೆ ನಮ್ಮ ಮಲ್ಪೆಯಲ್ಲೂ ಯಾರೂ ನಿಲ್ಲುವುದಿಲ್ಲ. ಫ್ರಾಂಕ್ ಅಪರಿಚಿತರಾಗಿರಲಿಲ್ಲ. ಮಡದಿ ಅದೇ ಊರಿನವರು. ಒಂದೇ ಮೂಲೆಗೆ, ಒಂದೇ ಕಟ್ಟೆಗೆ ಅವರು ಮತ್ತೆ ಮತ್ತೆ ಬರುತ್ತಿದ್ದರು, ಬೆಳಕು ಬದಲಾದಂತೆ ಅದೇ ಜಾಗವನ್ನು ಮತ್ತೆ ತೆಗೆಯುತ್ತಿದ್ದರು. ಹತ್ತಾರು ವರ್ಷ ದಿನವೂ ಕಂಡ ಮುಖ. ಹಾಗಾಗಿ ಅವರ ಚಿತ್ರಗಳಲ್ಲಿ ಜನ ಬೆದರಿ ನಿಂತಿಲ್ಲ. ಮೈ ಸಡಿಲ ಬಿಟ್ಟು, ತಮ್ಮ ಕೆಲಸದ ನಡುವೆ ಇದ್ದಾರೆ.

ಆ ಕೆಲಸಗಳನ್ನು ಒಂದೊಂದಾಗಿ ನೋಡಬಹುದು. ಕೋಬಲ್ ಎಂಬುದು ಈ ಕರಾವಳಿಯದೇ ದೋಣಿ. ಎತ್ತರದ ಚೂಪು ಮೂತಿ, ಹಿಂಭಾಗದ ತಳ ಚಪ್ಪಟೆ, ಹಾಗಾಗಿ ಮರಳಿನ ದಂಡೆಗೂ ಎಳೆದು ತರಬಹುದು. ಗಂಡಸರು ಅದರಲ್ಲಿ ಉದ್ದನೆಯ ಗಾಳದ ಹಗ್ಗ ಬಿಡಲು ಹೋಗುತ್ತಿದ್ದರು. ಹಗ್ಗಕ್ಕೆ ನೂರಾರು ಗಾಳ, ಪ್ರತಿ ಗಾಳಕ್ಕೂ ಎರೆ ಸಿಕ್ಕಿಸಬೇಕು. ಅದು ಹೆಂಗಸರ ಪಾಲು. ಬಂಡೆಗೆ ಕಚ್ಚಿಕೊಂಡ ಚಿಪ್ಪುಜೀವಿಗಳನ್ನು, ಅಲ್ಲಿನ ಮಾತಿನಲ್ಲಿ ಫ್ಲಿದರ್‌ಗಳನ್ನು, ಕೀಳಲು ಅವರು ನೀರು ಇಳಿದ ಹೊತ್ತಿನಲ್ಲಿ ಕರಾವಳಿಯುದ್ದಕ್ಕೂ ಮೈಲುಗಟ್ಟಲೆ ನಡೆಯುತ್ತಿದ್ದರು. ಬುಟ್ಟಿ ತುಂಬಿಸಿ ಹೊತ್ತು ತಂದು, ಚಿಪ್ಪು ಬಿಡಿಸಿ, ಗಾಳಕ್ಕೆ ಸಿಕ್ಕಿಸಿದ ಮೇಲೆಯೇ ದೋಣಿ ಹೊರಡುವುದು. ಮೀನು ಹಿಡಿದವನ ಹೆಸರು ದೋಣಿಯವನದ್ದು, ಅದರ ಹಿಂದಿನ ಅರ್ಧ ದುಡಿಮೆ ಮನೆಯಾಕೆಯದ್ದು. ಫ್ರಾಂಕ್ ಆ ಅರ್ಧವನ್ನೂ ಬಿಡದೆ ಚಿತ್ರಿಸಿದರು. ಫ್ಲಿದರ್ ಹೆಕ್ಕುವ ಹುಡುಗಿಯರು, ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುವ ತಾಯಂದಿರು, ಬಾಗಿಲ ಮೆಟ್ಟಿಲಲ್ಲಿ ಕೂತು ಹೆಣೆಯುವ ಅಜ್ಜಿಯರು.

ಬೇಸಿಗೆಯ ಕೊನೆಗೆ ಹೆರಿಂಗ್ ಮೀನಿನ ಸುಗ್ಗಿ. ನಮ್ಮ ಕರಾವಳಿಯ ಭೂತಾಯಿ ಮೀನಿನ ಹತ್ತಿರದ ನೆಂಟ ಅದು. ಅದರ ಹಿಂಡು ಉತ್ತರದಿಂದ ದಕ್ಷಿಣಕ್ಕೆ ಹೊರಟಂತೆ ಸ್ಕಾಟ್ಲೆಂಡಿನ ದೋಣಿಗಳೂ ದೂರದ ಕಾರ್ನ್‌ವಾಲಿನ ದೋಣಿಗಳೂ ವಿಟ್ಬಿ ಬಂದರಿನಲ್ಲಿ ತುಂಬಿಕೊಳ್ಳುತ್ತಿದ್ದವು. ಮೀನು ಸೀಳಿ ಉಪ್ಪು ಹಾಕಿ ಪೀಪಾಯಿಗೆ ತುಂಬಲು ಸ್ಕಾಟ್ಲೆಂಡಿನ ಹೆಣ್ಣುಮಕ್ಕಳು ಗುಂಪುಗಟ್ಟಿಕೊಂಡು ಊರಿಂದ ಊರಿಗೆ ಬರುತ್ತಿದ್ದರು. ಮನೆ ಬಿಟ್ಟು, ಸುಗ್ಗಿ ಮುಗಿಯುವವರೆಗೆ ಪರಸ್ಥಳದಲ್ಲಿ ದುಡಿದು, ಮತ್ತೆ ಮನೆಗೆ. ಅವರನ್ನು ಅನಿವಾಸಿಗಳು ಎನ್ನದೆ ಏನನ್ನೋಣ?

ಕಡಲು ಕೊಡುವುದರ ಜತೆಗೆ ಕಸಿಯುವುದೂ ಉಂಟು. 1861ರ ಫೆಬ್ರುವರಿ 9ರ ಬಿರುಗಾಳಿಯಲ್ಲಿ ವಿಟ್ಬಿಯ ಜೀವರಕ್ಷಕ ದೋಣಿ ಮತ್ತೆ ಮತ್ತೆ ಕಡಲಿಗಿಳಿದು, ಅಪಾಯಕ್ಕೆ ಸಿಕ್ಕಿದ ಹಡಗುಗಳ ಜನರನ್ನು ದಡಕ್ಕೆ ತಂದು, ಕೊನೆಗೆ ತಾನೇ ಮಗುಚಿತು. ದೋಣಿಯಲ್ಲಿದ್ದ 13 ಜನರಲ್ಲಿ 12 ಜನ ಮುಳುಗಿದರು. ಉಳಿದವರು ಹೆನ್ರಿ ಫ್ರೀಮನ್ ಒಬ್ಬರೇ. ಹೊಸದಾಗಿ ಬಂದಿದ್ದ ಬೆಂಡಿನ ಜೀವರಕ್ಷಕ ಜಾಕೆಟನ್ನು ಅಂದು ತೊಟ್ಟಿದ್ದವರೂ ಅವರೊಬ್ಬರೇ. ಮುಂದೆ ಅವರು ಅದೇ ಕೆಲಸದಲ್ಲಿ ಉಳಿದು ದೋಣಿಯ ಮುಖ್ಯಸ್ಥರಾದರು. ಫ್ರಾಂಕ್ ಅವರನ್ನು ಆ ಬೆಂಡಿನ ಜಾಕೆಟ್ ತೊಡಿಸಿಯೇ ಚಿತ್ರಿಸಿದರು. ಅಗಲ ಮುಖ, ಬಿಳಿಯ ಗಡ್ಡ, ನೇರ ನೋಟ. ಆ ಚಿತ್ರದಲ್ಲಿ ಹನ್ನೆರಡು ಜನರ ಸಾವೂ ಇದೆ, ಬದುಕಿ ಉಳಿದವನ ಭಾರವೂ ಇದೆ.

1885ರ ಅಕ್ಟೋಬರಿನಲ್ಲಿ ಡಿಮಿಟ್ರಿ ಎಂಬ ರಷ್ಯದ ಹಡಗು ಬಿರುಗಾಳಿಗೆ ಸಿಕ್ಕಿ ವಿಟ್ಬಿಯ ಮರಳಿಗೆ ಬಂದು ಬಿತ್ತು. ಅದರ ಚಿತ್ರವನ್ನೂ ಫ್ರಾಂಕ್ ತೆಗೆದರು. ಐದು ವರ್ಷದ ನಂತರ ರಜೆ ಕಳೆಯಲು ಬಂದ ಬ್ರ್ಯಾಮ್ ಸ್ಟೋಕರ್ ಈ ಹಡಗಿನ ಸುದ್ದಿ ತಿಳಿದುಕೊಂಡು, ಹೆಸರು ಬದಲಿಸಿ ತಮ್ಮ ಡ್ರಾಕುಲಾ ಕಾದಂಬರಿಗೆ ಸೇರಿಸಿದರು. ಕಾದಂಬರಿಯ ಹಡಗು ಕಟ್ಟುಕಥೆ, ಫ್ರಾಂಕ್ ಅವರ ಗಾಜಿನ ಮೇಲಿನ ಹಡಗು ನಿಜ.

ನೀರಿನ ಹುಡುಗರು, ಪಾದ್ರಿಗಳ ಸಿಟ್ಟು

ಅವರಿಗೆ ದೇಶದಾದ್ಯಂತ ಹೆಸರು ತಂದದ್ದು 1886ರ ಒಂದು ಚಿತ್ರ. ಹೆಸರು ವಾಟರ್ ರ‍್ಯಾಟ್ಸ್, ಅಂದರೆ ನೀರಿಲಿಗಳು. ಮಂಜು ಕವಿದ ಬಂದರಿನ ಆಳವಿಲ್ಲದ ನೀರಿನಲ್ಲಿ ಹುಡುಗರು ಆಡುತ್ತಿದ್ದಾರೆ. ಯಾರ ಮೈಮೇಲೂ ಬಟ್ಟೆಯಿಲ್ಲ. ನಮ್ಮ ಊರಿನ ಕೆರೆಯಲ್ಲಿ ಮಕ್ಕಳು ಈಜಲು ಬಿದ್ದಂತೆಯೇ. ಆದರೆ ಅದು ವಿಕ್ಟೋರಿಯಾ ಕಾಲ. ಸ್ಥಳೀಯ ಪಾದ್ರಿಗಳು ಸಿಟ್ಟಾದರು. ಈ ಚಿತ್ರ ಹುಡುಗಿಯರ ಮನಸ್ಸು ಕೆಡಿಸುತ್ತದೆಂದು ಫ್ರಾಂಕ್ ಅವರಿಗೆ ಬಹಿಷ್ಕಾರ ಹಾಕಿದರೆಂಬ ಮಾತು ಇಂದಿಗೂ ವಿಟ್ಬಿಯಲ್ಲಿದೆ. ಗಿರಾಕಿಗಳನ್ನೇ ನಂಬಿ ಬದುಕುವ ಫೋಟೋಗ್ರಾಫರನಿಗೆ ಊರಿನ ದೊಡ್ಡವರ ಮುನಿಸು ಸಣ್ಣ ವಿಷಯವಲ್ಲ. ಅತ್ತ ಅದೇ ಚಿತ್ರ ಯುವರಾಜ ಎಡ್ವರ್ಡರ ಕಣ್ಣಿಗೆ ಬಿತ್ತು. ದೊಡ್ಡದಾಗಿ ಮಾಡಿಸಿ ತಮ್ಮ ಲಂಡನ್ನಿನ ಮಾರ್ಲ್‌ಬರೋ ಹೌಸ್ ಅರಮನೆಯಲ್ಲಿ ತೂಗುಹಾಕಿಸಿಕೊಂಡರು. ಮುಂದೆ ಅವರೇ ಏಳನೇ ಎಡ್ವರ್ಡ್ ದೊರೆಯಾದರು.

ಆ ಕಾಲದಲ್ಲಿ ಕಲಾತ್ಮಕ ಫೋಟೋ ಎಂದರೆ ಹಲವು ನೆಗೆಟಿವ್‌ಗಳನ್ನು ಕತ್ತರಿಸಿ ಜೋಡಿಸಿ, ಸ್ಟುಡಿಯೋದಲ್ಲಿ ವೇಷ ತೊಡಿಸಿ ಮಾಡುವುದೂ ನಡೆಯುತ್ತಿತ್ತು. ಫ್ರಾಂಕ್ ಅದರತ್ತ ಹೋಗಲಿಲ್ಲ. ಕಣ್ಣೆದುರು ಇದ್ದದ್ದನ್ನೇ, ತಕ್ಕ ಬೆಳಕಿಗಾಗಿ ಕಾದು ತೆಗೆದರು. ಕಡಲಿನ ಮಂಜಿಗೆ ಬೆಳಗಿನ ಒಲೆಗಳ ಹೊಗೆ ಬೆರೆತು ಬಂದರಿನ ಹಿನ್ನೆಲೆ ಮಸುಕಾಗುವ ಹೊತ್ತು ಅವರಿಗೆ ಇಷ್ಟದ್ದು. ಹಿಂದಿನ ಗಜಿಬಿಜಿ ಕರಗಿ ಮುಂದಿನ ದೋಣಿಯೂ ಮನುಷ್ಯನೂ ಎದ್ದು ಕಾಣುತ್ತಾರೆ.

1888ರಲ್ಲಿ ಲಂಡನ್ನಿನ ಕ್ಯಾಮೆರಾ ಕ್ಲಬ್ಬಿನಲ್ಲಿ ಅವರೊಬ್ಬರದೇ ಚಿತ್ರಗಳ ಪ್ರದರ್ಶನ ನಡೆಯಿತು. 1892ರಲ್ಲಿ ಫೋಟೋಗ್ರಫಿಯೂ ಒಂದು ಕಲೆಯೆಂದು ಸಾರಲು ಲಿಂಕ್ಡ್ ರಿಂಗ್ ಎಂಬ ಬಳಗ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ದೇಶವಿದೇಶದ ಪ್ರದರ್ಶನಗಳಿಂದ ಬಂದ ಚಿನ್ನ, ಬೆಳ್ಳಿ, ಕಂಚಿನ ಪದಕಗಳು 60ಕ್ಕೂ ಹೆಚ್ಚು. ಚಿತ್ರಗಳು ಪ್ಯಾಕ್ ಆಗಿ ಊರೂರು ಸುತ್ತಿದವು, ತೆಗೆದವರು ವಿಟ್ಬಿಯಲ್ಲೇ ಕೂತು ಪ್ರವಾಸಿಗರ ಮುಖ ತೆಗೆಯುತ್ತಿದ್ದರು. ಪದಕದಿಂದ ಬಾಡಿಗೆ ಕಟ್ಟಲಾಗುವುದಿಲ್ಲವಲ್ಲ.

1890ರ ದಶಕದಲ್ಲಿ ಕೈಯಲ್ಲಿ ಹಿಡಿದೇ ಫೋಟೋ ತೆಗೆಯುವ ಕ್ಯಾಮೆರಾ ಬಂದಾಗ ಕೊಡಾಕ್ ಕಂಪನಿ ತನ್ನ ಕ್ಯಾಮೆರಾಗಳನ್ನು ಬಳಸಿ ನೋಡಲು ಫ್ರಾಂಕ್ ಅವರಿಗೆ ಕೊಟ್ಟಿತು. ಎಲ್ಲರ ಕೈಗೂ ಕ್ಯಾಮೆರಾ ಬಂದರೆ ಸ್ಟುಡಿಯೋದವರ ಹೊಟ್ಟೆಗೆ ಹೊಡೆತ ಎಂಬುದು ಗೊತ್ತಿದ್ದ ವಿಷಯ. ಆದರೂ ಅವರು ಅದನ್ನು ಕುತೂಹಲದಿಂದ ಬಳಸಿದರು. ಮೂರು ಕಾಲಿನ ಸ್ಟ್ಯಾಂಡು ಬಿಟ್ಟು ಬೀದಿಗಿಳಿದರು. ನಡೆಯುವವರು, ಮಾರುವವರು, ಓಡುವ ಮಕ್ಕಳು ನಿಲ್ಲದೆಯೇ ಚಿತ್ರಕ್ಕೆ ಸಿಕ್ಕರು.

ಕೊನೆಯ ನೌಕರಿ

ಕುಟುಂಬ ವಿಟ್ಬಿಯಿಂದ ತುಸು ಒಳಗೆ, ಎಸ್ಕ್ ನದಿಯ ಕಣಿವೆಯ ಸ್ಲೈಟ್ಸ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಫ್ರಾಂಕ್ ಬರೆಯಲೂ ತೊಡಗಿದ್ದರು. ಫೋಟೋಗ್ರಫಿ ಪತ್ರಿಕೆಗಳಿಗೆ ಲೇಖನ, ಯಾರ್ಕ್‌ಶೈರ್ ವೀಕ್ಲಿ ಪೋಸ್ಟಿಗೆ 1908ರಿಂದ ಎರಡು ದಶಕ ಕಾಲ ಅಂಕಣ. ತಾವು ಕಷ್ಟಪಟ್ಟು ಕಲಿತದ್ದನ್ನು ಹೊಸಬರಿಗೆ ಹೇಳಿಕೊಡುವುದರಲ್ಲಿ ಅವರಿಗೆ ಜಿಪುಣತನ ಇರಲಿಲ್ಲ.

1922ರಲ್ಲಿ, 69ರ ಹೊಸ್ತಿಲಲ್ಲಿ, ಸ್ಟುಡಿಯೋ ಮಾರಿದರು. ನಾವಾದರೆ ಪಿಂಚಣಿಯ ಲೆಕ್ಕ ಹಾಕಿ ವಿಶ್ರಾಂತಿಗೆ ಕೂರುವ ವಯಸ್ಸು. ಅವರು ವಿಟ್ಬಿಯ ಮ್ಯೂಸಿಯಂನಲ್ಲಿ ಕ್ಯುರೇಟರ್ ಕೆಲಸಕ್ಕೆ ಸೇರಿದರು. ಬಂಡೆಗಳಿಂದ ಸಿಕ್ಕ ಪಳೆಯುಳಿಕೆಗಳು, ಹಡಗಿನ ಮಾದರಿಗಳು, ಜೆಟ್ ಆಭರಣಗಳು, ಊರಿನ ಹಳೆಯ ಕಾಗದಪತ್ರಗಳು, ಎಲ್ಲವೂ ಅವರ ಸುಪರ್ದಿಗೆ ಬಂದವು. 1931ರಲ್ಲಿ ಮ್ಯೂಸಿಯಂ ಪ್ಯಾನೆಟ್ ಪಾರ್ಕಿನ ಹೊಸ ಕಟ್ಟಡಕ್ಕೆ ಹೋಯಿತು. 1935ರಲ್ಲಿ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಅವರನ್ನು ಗೌರವಿಸಿತು. ಹದಿಹರೆಯದಲ್ಲಿ ಒದ್ದೆ ಗಾಜಿನಲ್ಲಿ ಕಲಿತವರು ಎರಡನೇ ಮಹಾಯುದ್ಧದ ಕಾಲವನ್ನೂ ಕಂಡರು. 1941ರ ಮೇ 31ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಯಾವ ಕೆಲಸ ಉಳಿಯಿತು?

ಅವರ ಬದುಕನ್ನು ಜಮಾ ಖರ್ಚಿನ ಪುಸ್ತಕದಂತೆ ಬರೆದರೆ ಎಡಬಲ ಅದಲುಬದಲಾಗಿ ಕಾಣುತ್ತದೆ. ಹಣ ತಂದದ್ದು ಪ್ರವಾಸಿಗರ ಅಲಂಕೃತ ಮುಖಗಳು. ಅವು ಆಯಾ ಮನೆಗಳ ಆಲ್ಬಮ್ಮಿಗೆ ಹೋದವು. ಹಣ ತರದ ದಕ್ಕೆಯ ಚಿತ್ರಗಳು ಒಂದು ಇಡೀ ಊರಿನ ನೆನಪಾಗಿ ಉಳಿದವು. ಹಾಗೆಂದು ಸ್ಟುಡಿಯೋದ ದುಡಿಮೆ ವ್ಯರ್ಥ ಎನ್ನುವಂತಿಲ್ಲ. ಮಕ್ಕಳ ಹೊಟ್ಟೆ ತುಂಬಿದ್ದು ಅದರಿಂದ, ಗಾಜು, ರಾಸಾಯನಿಕ ಕೊಂಡದ್ದೂ ಅದರಿಂದ. ಅವರನ್ನು ಊರಿಗೆ ಕಟ್ಟಿಹಾಕಿದ ಹಗ್ಗವೂ ಅದೇ. ಆ ಹಗ್ಗ ಇರದಿದ್ದರೆ ಅವರು ಊರೂರು ಅಲೆದು ಎಲ್ಲರಂತೆ ಮಠ, ಕೋಟೆ, ಬೆಟ್ಟ ತೆಗೆಯುತ್ತಿದ್ದರೇನೋ. ಫ್ಲಿದರ್ ಬುಟ್ಟಿಯ ಹೆಂಗಸು ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಇಂದಿನ ವಿಟ್ಬಿ ಕ್ಯಾಮೆರಾದವರಿಗೆ ಜಾತ್ರೆ. ಆಗಸ್ಟಿನಲ್ಲಿ ದೋಣಿ ಸ್ಪರ್ಧೆಯ ರೆಗಾಟ್ಟಾ, ಅದೇ ತಿಂಗಳಲ್ಲಿ ಜಾನಪದ ಹಾಡು ಕುಣಿತದ ವಾರ. ಕಾಲಿಗೆ ಗೆಜ್ಜೆ ಕಟ್ಟಿದ ಮಾರಿಸ್ ಕುಣಿತದವರು ಬೀದಿ ಬೀದಿಯಲ್ಲಿ ಕುಣಿಯುತ್ತಾರೆ. ಗೆಜ್ಜೆಯ ಸದ್ದು ಕೇಳಿ ನಮ್ಮ ಹಿರಿಯರ ಕಿವಿ ನಿಮಿರುತ್ತದೆ. 1994ರಲ್ಲಿ ಶುರುವಾದ ಗಾತ್ ವೀಕೆಂಡ್ ದಿನಗಳಲ್ಲಿ ಡ್ರಾಕುಲಾ ನೆಪದಲ್ಲಿ ಕಪ್ಪು ಉಡುಪಿನವರು ಊರು ತುಂಬುತ್ತಾರೆ. ನಾವೂ ಎಲ್ಲರಂತೆ ಫೋನು ಎತ್ತಿ ಫೋಟೋ ತೆಗೆಯುತ್ತೇವೆ, ಸಂಜೆಯೊಳಗೆ ಅವು ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಇರುತ್ತವೆ. ಹಬ್ಬದ ಚಿತ್ರಕ್ಕೆ ಯಾವತ್ತೂ ಕೊರತೆಯಿಲ್ಲ. ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಕನ್ನಡ ಸಂಘದ ವೇದಿಕೆ, ಎಲ್ಲವೂ ಸಾವಿರಗಟ್ಟಲೆ ಇದೆ.

ಫ್ರಾಂಕ್ ಅವರ ಚಿತ್ರಗಳ ಮುಂದೆ ನಿಂತಾಗ ಮನಸ್ಸು ಇನ್ನೊಂದು ಕಡೆಗೆ ಹೋಗುತ್ತದೆ. ಮುಂಜಾನೆ ಐದಕ್ಕೆ ಶಿಫ್ಟಿಗೆ ಹೊರಡುವ ಗಂಡ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಬಸ್‌ಸ್ಟಾಪಿನಲ್ಲಿ ನಿಂತ ನರ್ಸ್ ಅಕ್ಕ, ದುಬೈನ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿ ನಿಂತ ಅಣ್ಣ, ಇತ್ತ ಊರಿನಲ್ಲಿ ತೋಟಕ್ಕೆ ನೀರು ಬಿಡುವ ಅಪ್ಪ, ಮೀನು ಮಾರಿ ಬಂದು ಜಗಲಿಯಲ್ಲಿ ಕೂತ ಅಮ್ಮ. ಮನೆ ನಡೆಸುವ ಆ ದುಡಿಮೆಯ ಚಿತ್ರಗಳು ಎಷ್ಟಿವೆ? ಪರದೇಶದಲ್ಲಿ ಅಪ್ಪ ಏನು ಕೆಲಸ ಮಾಡುತ್ತಿದ್ದರು ಎಂದು ನಾಳೆ ಮೊಮ್ಮಕ್ಕಳು ಕೇಳಿದರೆ ತೋರಿಸಲು ಸೂಟು ತೊಟ್ಟ ಪ್ರವಾಸದ ಚಿತ್ರ ಸಾಲದು. ಈ ಪುಟ ಓದುವ ಮನೆಮಂದಿ ಮುಂದಿನ ವಿಡಿಯೋ ಕರೆಯಲ್ಲಿ ಒಂದು ಮಾತು ಕೇಳಬಹುದು, ಕೆಲಸಕ್ಕೆ ಹೊರಡುವ ಬಟ್ಟೆಯಲ್ಲೇ ಒಂದು ಫೋಟೋ ಕಳಿಸು ಎಂದು. ಬಂದ ಚಿತ್ರದ ಜತೆಗೆ ಹೆಸರು, ಊರು, ತಾರೀಖು ಬರೆದಿಡಿ.

ವಿಟ್ಬಿಗೆ ಬರುವವರಿಗೆ ಒಂದು ಸೂಚನೆ. ಮಿಡಲ್ಸ್‌ಬರೋದಿಂದ ಎಸ್ಕ್ ಕಣಿವೆಯ ಪುಟ್ಟ ರೈಲಿದೆ. ಫ್ರಾಂಕ್ ಅವರ ಸ್ಲೈಟ್ಸ್ ಹಳ್ಳಿಯ ಮೇಲೆಯೇ ಬರುತ್ತದೆ. ಊರಿಗೆ ಇಳಿದವರು 199 ಮೆಟ್ಟಿಲು ಹತ್ತುವ ಮುಂಚೆ ಪ್ಯಾನೆಟ್ ಪಾರ್ಕಿನ ಮ್ಯೂಸಿಯಂಗೆ ಹೋಗಿ ಬನ್ನಿ. ಅವರು ಕೊನೆಯ ವರ್ಷಗಳಲ್ಲಿ ಕಾದ ಅದೇ ಕಟ್ಟಡದಲ್ಲಿ ಅವರ ಚಿತ್ರಗಳಿವೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೂ ಅಲ್ಲಿ ಕೂತು ನೋಡಲು ಸಾಕಷ್ಟಿದೆ. ನೋಡಿ ಹೊರಬಂದ ಮೇಲೆ ದಕ್ಕೆಗೆ ಇಳಿದರೆ, ಮೀನು ಇಳಿಸುವವರ ಮುಖವನ್ನು ಇನ್ನಷ್ಟು ನಿಧಾನವಾಗಿ ನೋಡುವ ಮನಸ್ಸಾಗುತ್ತದೆ.